ಐದನೇ ಕ್ಲಾಸಿನ ಒಂದು ಓಟು

ಹೆಚ್ಚು ಓಟು ಬಿದ್ದದ್ದು ಕಾವ್ಯಾಳಿಗೆ. ಗೆದ್ದವನು ದುಂಡೇಶ.

"ಇದ ಹೆಂಗ್ರೀ ಸರ್?" ಕಾವ್ಯಾ ಎದ್ದು ನಿಂತು ಕೇಳಿದಳು.

ಧರ್ಮರಾಜ ಸರ್ ಮತ್ತೆ ಬಿಡಿಸಿ ಹೇಳಿದರು. ಅಮೆರಿಕದ ಪಾಠ ಮುಗಿದಾಗ, ಶಾಲೆಯ ಪ್ರೆಸಿಡೆಂಟನ್ನು ಅಲ್ಲಿಯ ಪದ್ಧತಿಯಲ್ಲೇ ಆರಿಸೋಣ ಎಂದವರು ಅವರೇ. ಅಲ್ಲಿ ಆನೆ ಗುರುತಿನ ಪಾರ್ಟಿ, ಕತ್ತೆ ಗುರುತಿನ ಪಾರ್ಟಿ ಎಂದು ಮುಖ್ಯವಾಗಿ ಎರಡು. ದುಂಡೇಶ ಮೊದಲೇ ಓಡಿ ಆನೆ ಹಿಡಿದ; ಪಾಪ, ಕಾವ್ಯಾಳಿಗೆ ಕತ್ತೆ ಉಳಿಯಿತು. ಅಲ್ಲಿ ಒಂದೊಂದೇ ರಾಜ್ಯ ಗೆಲ್ಲಬೇಕು. ಇಲ್ಲಿ ಒಂದೊಂದು ಕ್ಲಾಸೂ ಒಂದು ರಾಜ್ಯ; ಹೆಚ್ಚು ಕ್ಲಾಸು ಗೆದ್ದವರೇ ಪ್ರೆಸಿಡೆಂಟ್. ಕಾವ್ಯಾ ಓದುವ ಏಳನೇ ಕ್ಲಾಸು ಪೂರ್ತಿ ಅವಳ ಕಡೆ. ಆರನೇ ಕ್ಲಾಸು ದುಂಡೇಶನ ಪಾಲಾಯಿತು. ಐದನೆಯದರಲ್ಲಿ ಇಬ್ಬರಿಗೂ ಸಮ. ಚೀಟಿ ಎತ್ತಿದಾಗ ದುಂಡೇಶನ ಹೆಸರು ಬಂತು.

"ಐದನೇ ಕ್ಲಾಸಿನ್ಯಾಗ ನಿನಗ ಇನ್ನೊಂದ ಓಟ ಬಿದ್ದಿದ್ರ ನೀನ ಗೆಲ್ತಿದ್ದಿ," ಎಂದರು ಸರ್.

ಸರ್ ಮೇಲೆ, ಚೀಟಿ ಮೇಲೆ, ಕಂಡರಿಯದ ಅಮೆರಿಕದ ಮೇಲೂ ಸಿಟ್ಟು ಮಾಡಿಕೊಂಡು ಕಾವ್ಯಾ ಬನಹಟ್ಟಿಯ ಓಣಿಗಳನ್ನು ದಾಟಿದಳು. ಮನೆ ಹತ್ತಿರವಾದಂತೆ ಹೆಜ್ಜೆ ಭಾರವಾಯಿತು. ತಂಗಿ ಮಾಯಾ ಓದುವುದು ಐದನೇ ಕ್ಲಾಸಿನಲ್ಲಿ.

ಅಮೆರಿಕದಲ್ಲಿ ಮಂಗಳವಾರ ಓಟು. ಕೆಲಸ ಬಿಟ್ಟು ಹೋಗಲಾಗದೆ ಎಷ್ಟೋ ಜನ ಹಾಕುವುದೇ ಇಲ್ಲ ಎಂದು ಸರ್ ಹೇಳಿದ್ದರು. ಅಲ್ಲಿಯಂತೆಯೇ ಶಾಲೆಯಲ್ಲೂ ಮಂಗಳವಾರವೇ ಇಟ್ಟರು. ಮನೆಯಲ್ಲೋ ಸೀರೆ ನೇಯ್ದು ಕೊಡುವ ಅವಸರ. ಮಗ್ಗದ ಕಂಡಿಕೆ ಎಂಬ ಪುಟ್ಟ ಕೊಳವೆಗಳಿಗೆ ರಾಟೆಯಲ್ಲಿ ನೂಲು ಸುತ್ತಲು ಅವ್ವನ ಜೊತೆ ಅಕ್ಕತಂಗಿಯರಲ್ಲಿ ಒಬ್ಬರು ಉಳಿಯಬೇಕು. ಇವತ್ತಿನ ಪಾಳಿ ಕಾವ್ಯಾಳದು. ಬೆಳಿಗ್ಗೆ ಅವಳೇ ಮಾಯಾಳನ್ನು ಪುಸಲಾಯಿಸಿ ತನ್ನ ಬದಲು ಬಿಟ್ಟು ಹೋಗಿದ್ದಳು.

ಮಾಯಾ ರಾಟೆ ನಿಲ್ಲಿಸಿ ಎದ್ದು ಬಂದಳು. ಸೋತ ಸುದ್ದಿ ಕೇಳಿ ಅವಳ ಮುಖ ಸಣ್ಣದಾಯಿತು.

"ನಮ್ಮ ಕ್ಲಾಸ್‌ನವ್ರು ಹಾಕ್ಲಿಲ್ಲೇನಕ್ಕಾ?"

"ಹಾಕ್ಯಾರ," ಎಂದಳು ಕಾವ್ಯಾ. ಒಂದೇ ಓಟಿನ ಲೆಕ್ಕ ಮುಚ್ಚಿಟ್ಟಳು.

ಮಾಯಾ ಅಕ್ಕನ ಬೆರಳು ಹಿಡಿದು, ಸರ್ ಹಚ್ಚಿದ ಶಾಯಿಯನ್ನು ಮೆಲ್ಲಗೆ ಉಜ್ಜಿ ನೋಡಿದಳು. ತನಗೂ ಹಚ್ಚಿಸಿಕೊಳ್ಳುವ ಆಸೆ ಭಾಳ ಇತ್ತು ಎಂದಳು.

ಎಲ್ಲ ಕ್ಲಾಸಿಗೂ ಹೋಗಿ ಓಟು ಕೇಳಿದ ಕಾವ್ಯಾ ತಂಗಿಯನ್ನು ಮಾತ್ರ ಕೇಳಿರಲಿಲ್ಲ. ಅದು ಈಗ ಹೊಳೆದು, ಸೋತದ್ದಕ್ಕಿಂತ ಹೆಚ್ಚು ನೋವಾಯಿತು. ಹೋಗಿ ರಾಟೆಯ ಮುಂದೆ ಕುಳಿತಳು. ಕಣ್ಣು ಮಂಜಾಗಿ ನೂಲು ಹರಿಯಿತು.

ಮಾಯಾ ಪಕ್ಕದಲ್ಲಿ ಕುಳಿತು ನೂಲಿಗೆ ಗಂಟು ಹಾಕಿಕೊಟ್ಟಳು.

"ಅಳಬ್ಯಾಡಕ್ಕಾ. ಮುಂದಿನ ವರ್ಷ ನಾ ನಿನಗ ಹಾಕ್ತೇನಿ."

ಆ ಶಾಲೆ ಇರುವುದು ಏಳನೇ ಕ್ಲಾಸಿನ ತನಕ. ಮುಂದಿನ ವರ್ಷ ಕಾವ್ಯಾ ಅಲ್ಲಿರುವುದಿಲ್ಲ.

"ಹೂಂ, ಹಾಕು," ಎಂದಳು ಕಾವ್ಯಾ.