ಲೆಕ್ಕಕ್ಕೆ ಸಿಗದ ಸೊಸೆ

"ಈ ಮನೇಲಿ ಇಪ್ಪತ್ತೊಂದು ದಾಟಿದೋರು ಎಷ್ಟು ಜನ ಸ್ವಾಮಿ?"

"ನಾನು, ನನ್ನ ಹೆಂಡತಿ. ಇಬ್ಬರೇ," ಎಂದರು ಗೋಪಾಲಸ್ವಾಮಿ.

ಬಾಗಿಲ ಹಿಂದೆ ನಿಂತಿದ್ದ ಸೊಸೆ ಕೋಮಲವಲ್ಲಿ ಅದನ್ನು ಕೇಳಿ ಹೊರಗೆ ಇಣುಕಿದಳು. ಗಂಡ ಸತ್ತ ಮೇಲೆ ಪಾತ್ರೆ ತೊಳೆಯಲು ಅವಳಿದ್ದಳು, ಲೆಕ್ಕಕ್ಕೆ ಮಾತ್ರ ಇರಲಿಲ್ಲ!

ಜಗಲಿಯಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದ ಯುವಕ ತಲೆಯೆತ್ತಿದ. ಕಣ್ಣಿಗೆ ಕಣ್ಣು ಸಿಕ್ಕಿತು.

"ಮೂವರು," ಎಂದ ಮೆಲ್ಲಗೆ.

ಅವನು ಅರಸೀಕೆರೆಯ ಕೊಬ್ಬರಿ ವ್ಯಾಪಾರಿಯ ಮಗ ಇಂದುಧರ. ಜನರ ಅಭಿಪ್ರಾಯ ಕೇಳುವ ಸರ್ವೆಗೆಂದು ಬೇಲೂರಿಗೆ ಬಂದಿದ್ದ. ಹತ್ತು ಮನೆಗೊಂದು ಮನೆ, ಆ ಮನೆಯಲ್ಲಿ ಚೀಟಿ ಎತ್ತಿ ಒಬ್ಬರು. ಚೀಟಿಯಲ್ಲಿ ಬಂದವರನ್ನು ಬಿಟ್ಟು ಬೇರೆಯವರನ್ನು ಕೇಳುವಂತಿಲ್ಲ.

ಹೆಸರು ಕೇಳಿ ಮೂರು ಚೀಟಿ ಬರೆದು, ಒಂದನ್ನು ಎತ್ತಿದ. ಕೋಮಲವಲ್ಲಿ!

"ಅವಳನ್ನ ಬಿಡಿ! ಪಕ್ಕದ್ಮನೆ ಅನಂತರಾಮುನ ಕೇಳ್ಕೊಳ್ಳಿ."

"ಬಾಗಿಲಿಗೆ ಬರೋರನ್ನೇ ಕೇಳ್ತಾ ಹೋದ್ರೆ ಒಳಗಿರೋರ ಮನಸ್ಸು ಯಾರಿಗೆ ಗೊತ್ತಾಗತ್ತೆ ಸ್ವಾಮಿ? ಇವರೊಬ್ಬರನ್ನೇ ಕೇಳ್ಬೇಕು. ನೀವು ಸ್ವಲ್ಪ ಆ ಕಡೆ..."

ಮಾವ ಕದಲಲಿಲ್ಲ.

"ವಿಧವೆಯರು ಮತ್ತೆ ಮದುವೆ ಆಗಬಹುದಾ?"

ಅವಳು ಮಾವನತ್ತ ನೋಡಿದಳು. ನೀನು ಈ ಹೊಸಿಲು ದಾಟಿ ಹೋದ ದಿನ ಸತ್ತೆ ಅಂತ ನಿನ್ನ ಹೆಸರಿಗೆ ಎಳ್ಳುನೀರು ಬಿಡ್ತೀನಿ ಎಂದು ಮಾವ ಎಂದೋ ಹೇಳಿದ್ದರು.

"ಆಗಬಾರದು..."

ಅವನು ಹಾಗೇ ಬರೆದುಕೊಂಡು ಎದ್ದು ಹೋದ.

ಮುಂದಿನ ವಾರ ಹಿತ್ತಿಲ ಬಾವಿಯ ಹತ್ತಿರ ಅದೇ ಪ್ರಶ್ನೆ ಹಿಡಿದು ಬಂದವಳು ದ್ರಾಕ್ಷಾಯಣಿ, ಸರ್ವೆಯವಳೇ.

"ಮೊನ್ನೆ ನಿಮ್ಮನ್ನ ಒಂಟಿಯಾಗಿ ಕೇಳಕ್ಕಾಗ್ಲಿಲ್ಲವಂತೆ."

"ಅವರೇ ಯಾಕೆ ಬರ್ಲಿಲ್ಲ?"

"ಈ ಮನೆಗೆ ಮಾತ್ರ ನಾನು ಹೋಗಲ್ಲ ಅಂದ್ಬಿಟ್ರು."

ಅಷ್ಟು ಅಪಶಕುನವೇ ನಾನು? ಅವಮಾನದಿಂದ ಕಣ್ಣು ತುಂಬಿತು. ಆ ಉರಿಯಲ್ಲೇ ಗಟ್ಟಿಯಾಗಿ ಹೇಳಿಬಿಟ್ಟಳು, "ಆಗಬಹುದು!"

ಅತ್ತೆಗೆ ಕೇಳಿಸಿತು. ಅಂದಿನಿಂದ ಅವಳಿಗೆ ಒಪ್ಪೊತ್ತು ಊಟ, ಮಲಗಲು ಸೌದೆ ಕೊಟ್ಟಿಗೆ. ಮನೆಯಲ್ಲಿ ಯಾರೂ ಮಾತನಾಡಿಸಲಿಲ್ಲ.

ಒಂದು ಬೆಳಿಗ್ಗೆ ಯಗಚಿ ಹೊಳೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಇಂದುಧರ ಬಂದು ನಿಂತ.

"ನಮ್ಮನೆಗೆ ಬರಲ್ಲ ಅಂದೋರು ಇಲ್ಲಿಗ್ಯಾಕೆ ಬಂದ್ರಿ?"

"ಇಂಥ ಉತ್ತರಾನೇ ಬರ್ಲಿ ಅಂತ ಆಸೆ ಇಟ್ಕೊಂಡೋನು ಪ್ರಶ್ನೆ ಕೇಳಬಾರದು ಕಣ್ರೀ... ನೀವು ಆಗಬಾರದು ಅಂದಾಗ ಅದನ್ನ ಬರೆಯೋಕೇ ಮನಸ್ಸು ಬರ್ಲಿಲ್ಲ. ಅದಕ್ಕೇ ಬೇರೆಯವರನ್ನ ಕಳ್ಸಿ ಅಂದೆ."

ಕೈಯಲ್ಲಿದ್ದ ಬಟ್ಟೆ ಜಾರಿತು. ಇಷ್ಟು ದಿನ ಇವರನ್ನು ಸುಮ್ಮನೆ ಶಪಿಸಿದ್ದೆನಲ್ಲ!

"ದ್ರಾಕ್ಷಾಯಣಿ ನನ್ನ ಉತ್ತರ ಹೇಳ್ಲಿಲ್ವಾ?"

"ಹೇಳೋ ಹಾಗಿಲ್ಲ. ನಾನೂ ಕೇಳ್ಲಿಲ್ಲ. ಈಗ ಸರ್ವೆ ಮುಗೀತು. ಇವತ್ತು ನನಗೋಸ್ಕರ ಕೇಳ್ತಿದೀನಿ... ನನ್ನ ಮದುವೆ ಆಗ್ತೀರಾ?"

"ಮಾವ ಎಳ್ಳುನೀರು ಬಿಡ್ತಾರೆ."

"ನಿಮ್ಮನ್ನ ಮದುವೆ ಆಗ್ತೀನಿ ಅಂದಿದ್ದಕ್ಕೆ ನಮ್ಮಪ್ಪನೂ ಇನ್ಮೇಲೆ ನಮ್ಮನೆ ಮೆಟ್ಟಿಲು ಹತ್ತಬೇಡ ಅಂದಿದ್ದಾರೆ."

ಅವಳು ಒಗೆದ ಬಟ್ಟೆಗಳನ್ನು ಹಿಂಡಿ, ಮಡಿಸಿ, ಮೆಟ್ಟಿಲ ಮೇಲಿಟ್ಟಳು. ಬರಿಗೈಯಲ್ಲಿ ಅವನ ಜೊತೆ ನಡೆದಳು.

ಅವರು ಹತ್ತಿದ ಹಾಸನದ ಬಸ್ಸು ಹಗರೆ ದಾಟುವ ಹೊತ್ತಿಗೆ, ಅದೇ ಮೆಟ್ಟಿಲಲ್ಲಿ ಗೋಪಾಲಸ್ವಾಮಿ ಬದುಕಿದ್ದ ಸೊಸೆಯ ಹೆಸರು ಹೇಳಿ ಎಳ್ಳುನೀರು ಬಿಡುತ್ತಿದ್ದರು. ಅವಳಿಗೆ ಅದು ಕಾಣದಿದ್ದರೂ ಗೊತ್ತಿತ್ತು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ನಾಳೆ ಯಾರಾದ್ರೂ ಬಂದು, ಈ ಮನೇಲಿ ಎಷ್ಟು ಜನ ಅಂತ ಕೇಳಿದ್ರೆ...?"

"ಇಬ್ಬರು ಅಂತೀನಿ," ಎಂದ ಇಂದುಧರ. "ನಿಮ್ಮ ಹೆಸರು ಮೊದಲು ಹೇಳ್ತೀನಿ."