ಅಣ್ಣು ಮಾಮನ ಬೆನ್ನು

"ಸಿಸ್ಟರ್, ಲೈಟ್ ಆಫ್ ಮಾಡಿ. ಸ್ಕ್ರೀನ್ ಸರಿ ಕಾಣುವುದಿಲ್ಲ," ಎಂದರು ಡಾಕ್ಟರ್ ಹೆರಾಲ್ಡ್.

ಕೋಣೆ ಗಕ್ಕನೆ ಕತ್ತಲಾಯಿತು. ಹೊರಗೆ ಮಣಿಪಾಲದ ಮಧ್ಯಾಹ್ನದ ಬಿಸಿಲು. ಒಳಗೆ ಎಸಿಯ ಚಳಿಗೆ ಮೋಕ್ಷಾಳ ಕೈ ತಣ್ಣಗಾಗಿತ್ತು. ಮಂಚದ ಆಚೆ ಮೆಷಿನ್ ಒಂದು ಗುಂಯ್ ಎನ್ನುತ್ತಿತ್ತು.

ಅಣ್ಣು ಮಾಮ ಅವಳ ಕಡೆಗೆ ಮುಖ ಮಾಡಿ, ಮಗ್ಗುಲಾಗಿ ಮಲಗಿದ್ದರು. ಅವರು ಅಮ್ಮನ ಅಣ್ಣ. ಚಿಕ್ಕಂದಿನಿಂದಲೇ ಅವರ ಸ್ನಾಯುಗಳ ಶಕ್ತಿ ಕುಂದುತ್ತಾ ಬಂದಿತ್ತು; ಬೆನ್ನೆಲುಬು ಡೊಂಕಾಗಿ ತಿರುಚಿಕೊಂಡಿತ್ತು. ಮೊನ್ನೆ ಕಾಪು ಪೇಟೆಯ ತಮ್ಮ ಎಸ್‌ಟಿಡಿ ಬೂತಿನಲ್ಲಿ ಕುರ್ಚಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದರು.

ಆಪರೇಷನ್ ಆಗಲೇಬೇಕು. ಆದರೆ ಪೂರ್ತಿ ಎಚ್ಚರ ತಪ್ಪಿಸಿದರೆ ಅವರ ಉಸಿರಿಗೇ ಅಪಾಯವಂತೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಕಾಲುಗಳನ್ನಷ್ಟೇ ಮರಗಟ್ಟಿಸಬೇಕು. ನಿನ್ನೆ ಎಷ್ಟು ಸಲ ಚುಚ್ಚಿದರೂ ಸೂಜಿ ಮೂಳೆಗೇ ತಾಗಿತ್ತು. ಅದಕ್ಕೇ ಇವತ್ತು ಮೊದಲು ಸ್ಕ್ಯಾನ್ ಮಾಡಿ ಸೂಜಿಗೆ ದಾರಿ ಹುಡುಕುವುದು.

"ಇನ್ನು ಯಾರೂ ಚುಚ್ಚುವುದು ಬೇಡ. ಮನೆಗೆ ಹೋಗುವ," ಎಂದು ಮಾಮ ಹಟ ಹಿಡಿದಿದ್ದರು. ಕೊನೆಗೆ, ಮೋಕ್ಷಾ ಪಕ್ಕದಲ್ಲಿದ್ದರೆ ಮಾತ್ರ ಎಂದು ಒಪ್ಪಿದ್ದರು.

ಮೋಕ್ಷಾಗೆ ಆ ಬೆನ್ನೆಂದರೆ ಹೆದರಿಕೆ. ಮಾಮ ಅಂಗಿ ಬದಲಿಸುವಾಗಲೆಲ್ಲ ಅವಳು ಬೇರೆ ಕಡೆ ನೋಡುತ್ತಿದ್ದಳು. ಆ ಗೂನಿನೊಳಗೆ ಏನೋ ಮುದುಡಿ ಕೂತಿದೆ ಎಂದು ಅವಳಿಗೆ ಅನಿಸುತ್ತಿತ್ತು.

ಡಾಕ್ಟರ್ ಬೆನ್ನಿಗೆ ಜೆಲ್ ಹಚ್ಚಿ, ಸ್ಕ್ಯಾನ್ ಮೆಷಿನ್ನಿನ ಸಾಬೂನಿನಷ್ಟು ದೊಡ್ಡ ಸಾಧನವೊಂದನ್ನು ಅದರ ಮೇಲಿಟ್ಟರು.

ಸ್ಕ್ರೀನಿನಲ್ಲಿ ಬೂದು ಬಣ್ಣ ಕದಡಿತು. ಅದರೊಳಗಿಂದ ಕಪ್ಪು ಆಕಾರಗಳು ಒಂದೊಂದಾಗಿ ಎದ್ದು ಬಂದವು. ಒಂದಕ್ಕೆ ಕೋರೆಹಲ್ಲು ಇದ್ದಂತಿತ್ತು. ಇನ್ನೊಂದು ತಲೆ ತಗ್ಗಿಸಿ ನಿಂತ ಮನುಷ್ಯನ ಹಾಗೆ. ಮಾಮ ಉಸಿರೆಳೆದಾಗ ಎಲ್ಲವೂ ಸೇರಿ ಮೆಲ್ಲಗೆ ಅಲುಗಿದವು.

ಮೋಕ್ಷಾ ಸ್ಕ್ರೀನಿನಿಂದ ಕಣ್ಣು ತಪ್ಪಿಸಿದಳು.

"ಎಂತ ಉಂಟು ಅಲ್ಲಿ?" ಮಾಮ ಪಿಸುಗುಟ್ಟಿದರು. ಅವರ ಕಣ್ಣು ಅವಳ ಮುಖದ ಮೇಲೇ ಇತ್ತು.

"ಏನಿಲ್ಲ, ಮಾಮ."

"ಸುಳ್ಳು ಹೇಳ್ಬೇಡ. ದೊಡ್ಡವರು ನನ್ನ ಬೆನ್ನು ನೋಡಿಯೂ ಎಂತದೂ ಇಲ್ಲದವರ ಹಾಗೆ ನಗಾಡ್ತಾ ಮಾತಾಡ್ತಾರೆ. ನಿನಗೆ ಹಾಗೆ ಮಾಡ್ಲಿಕ್ಕೆ ಬರುವುದಿಲ್ಲ, ಮುಖದಲ್ಲೇ ಗೊತ್ತಾಗ್ತದೆ. ಅದಕ್ಕೇ ನಿನ್ನನ್ನು ಕರೆದದ್ದು. ನನ್ನ ಬೆನ್ನನ್ನು ನಾನೇ ಒಂದು ಸಲವೂ ನೋಡಿಲ್ಲ, ಮೋಕ್ಷಾ."

ಮೋಕ್ಷಾ ಬೆಚ್ಚಿದಳು. ಹಾಗಾದರೆ ಇಷ್ಟು ವರ್ಷ, ತಾನು ಮುಖ ತಿರುಗಿಸಿದ್ದನ್ನು ಮಾಮ ನೋಡುತ್ತಲೇ ಇದ್ದರಾ?

ಅವಳು ಮಂಚದ ಕಂಬಿ ಗಟ್ಟಿಯಾಗಿ ಹಿಡಿದುಕೊಂಡು ಸ್ಕ್ರೀನಿನತ್ತ ನೋಡಿದಳು.

"ಕಪ್ಪು ಕಪ್ಪು ಆಕಾರ ಉಂಟು. ನನಗೆ ಹೆದರಿಕೆ ಆಗ್ತದೆ."

"ಅದು ಮೂಳೆಯ ನೆರಳು," ಎಂದರು ಡಾಕ್ಟರ್, ಸ್ಕ್ರೀನಿನಿಂದ ಕಣ್ಣು ಕೀಳದೆ. "ಮೂಳೆಯ ಹಿಂದೆ ಎಂತದೂ ಕಾಣುವುದಿಲ್ಲ. ನಮಗೆ ಬೇಕಾದ್ದು ಎರಡು ನೆರಳಿನ ನಡುವಿನ ಸಂದು."

ಅವರ ಕೈ ಒಂದಿಷ್ಟು ಓರೆಯಾಯಿತು, ಮತ್ತೆ ಜಾರಿತು. ಎಲ್ಲೆಲ್ಲೂ ಕಪ್ಪು. ಮಾಮನ ಹಣೆಯಲ್ಲಿ ಬೆವರೊಡೆಯಿತು.

ಆಗ ನೆರಳುಗಳು ಪಕ್ಕಕ್ಕೆ ಸರಿದವು. ಅವುಗಳ ಸಂದಿನಲ್ಲಿ ತೆಳ್ಳಗಿನ ಎರಡು ಬಿಳಿ ಗೆರೆಗಳು ಮೂಡಿದವು.

"ಮಾಮ, ಬಿಳಿ ಗೆರೆ ಕಾಣ್ತದೆ! ಸ್ಕ್ರೀನಿನ ನಡುವಿನಲ್ಲಲ್ಲ, ಎಡಗಡೆಗೆ!"

"ಅದೇ," ಡಾಕ್ಟರ್ ಪೆನ್ನಿನಿಂದ ಚರ್ಮದ ಮೇಲೆ ಗುರುತು ಹಾಕಿದರು. "ಎಷ್ಟು ಆಳ ಅಂತಲೂ ಗೊತ್ತಾಯ್ತು. ಅಣ್ಣು, ಅಲುಗಾಡ್ಬೇಡಿ. ಪುಟ್ಟಿ, ಇನ್ನು ನೀನು ಹೊರಗೆ ಹೋಗು."

ಸಂಜೆ, ಆಪರೇಷನ್ ಮುಗಿದ ಮೇಲೆ, ವಾರ್ಡಿನಲ್ಲಿ ಮಾಮ ಎಚ್ಚರವಾಗಿಯೇ ಇದ್ದರು. ಒಂದೇ ಸಲಕ್ಕೆ ಸೂಜಿ ಸರಿಯಾದ ಜಾಗಕ್ಕೆ ಹೋಗಿತ್ತಂತೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಜಿ ತರಲು ಹೋದಳು.

ಮಾಮನ ಕಾಲುಗಳು ಇನ್ನೂ ಮರಗಟ್ಟಿಯೇ ಇದ್ದವು. ಹೊದಿಕೆಯ ಮೇಲೆ ಆಡುತ್ತಿದ್ದ ಅವರ ಕೈ ತೊಡೆಯ ಬಳಿ ನಿಂತಿತು. "ಇದು ಯಾರ ಕಾಲು, ಮೋಕ್ಷಾ? ಮುಟ್ಟಿದರೆ ನನ್ನದು ಅಂತ ಅನಿಸುವುದಿಲ್ಲ. ಉಂಟಾ ಅಲ್ಲಿ?"

ಮೋಕ್ಷಾಳ ಮೈ ಜುಮ್ಮೆಂದಿತು. ಆದರೂ ಅವಳು ಹೊದಿಕೆ ಎತ್ತಿದಳು. ದಪ್ಪ ಬ್ಯಾಂಡೇಜಿನ ಅಂಚಿನಲ್ಲಿ ಸ್ವಲ್ಪ ರಕ್ತ ಒಸರಿತ್ತು. ಅವಳು ಮುಖ ತಿರುಗಿಸಲಿಲ್ಲ.

"ಉಂಟು, ಮಾಮ. ಎರಡೂ ಉಂಟು. ತೊಡೆ ಬಾತಿದೆ, ಸ್ವಲ್ಪ ರಕ್ತ ಕಾಣ್ತದೆ. ಪಾದ ಸರಿ ಉಂಟು."

"ಮತ್ತೆ?" ಎಂದರು ಮಾಮ.

ಮೋಕ್ಷಾ ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದು ಕೂತು, ಕಂಡದ್ದನ್ನೆಲ್ಲ ಹೇಳತೊಡಗಿದಳು.