ಪರೀಕ್ಷೆ ಹಾಲ್‌ನಲ್ಲಿ ಜೇನುನೊಣ

ಪರೀಕ್ಷೆ ಹಾಲ್‌ಗೆ ಜೇನುನೊಣ ನುಗ್ಗಿದೆ ಎಂದು ಮೇಷ್ಟರಿಗೆ ಖಾತ್ರಿಯಾಗಿಬಿಟ್ಟಿತ್ತು.

ಅವರು ಮೊದಲು ಕಿಟಕಿಗಳನ್ನೆಲ್ಲ ತೆರೆಸಿದರು. ಆಮೇಲೆ ಕುರ್ಚಿ ಹತ್ತಿ ಟ್ಯೂಬ್‌ಲೈಟಿನ ಹಿಂದೆ ಇಣುಕಿದರು. ಕೊನೆಗೆ ಜವಾನನನ್ನು ಕರೆದು, ಉದ್ದ ಕೋಲಿನ ಪೊರಕೆಯಿಂದ ಫ್ಯಾನಿನ ಮೇಲೆಲ್ಲ ಬಡಿಸಿದರು. ಫ್ಯಾನಿನಿಂದ ಧೂಳು ಬಿತ್ತು, ಮುಂದಿನ ಬೆಂಚಿನವರು ಸಾಲಾಗಿ ಸೀನಿದರು, ನೊಣ ಮಾತ್ರ ಸಿಗಲಿಲ್ಲ.

ವಿಚಿತ್ರವೆಂದರೆ, ಹುಡುಕುವಾಗ ಅದು ಸುಮ್ಮನಾಗುತ್ತಿತ್ತು. ಎಲ್ಲರೂ ತಲೆ ತಗ್ಗಿಸಿ ಬರೆಯತೊಡಗಿದ ಕೂಡಲೇ ಮತ್ತೆ ಶುರು. ಮ್ಮ್‌ಮ್ಮ್, ಮ್ಮ್‌ಮ್ಮ್, ಮ್ಮ್‌ಮ್ಮ್‌ಮ್.

ಮೂರನೆಯ ಬೆಂಚಿನ ಜೀರುಂಡೆ ಎಂಬ ಹುಡುಗಿಯೂ ಎಲ್ಲರ ಜತೆ ಕತ್ತೆತ್ತಿ ನೋಡಿದಳು. ಅವಳಿಗೆ ನೊಣ ಕಾಣಲಿಲ್ಲ. ಅದರ ಸದ್ದಂತೂ ಮೊದಲಿಂದಲೂ ಕೇಳಿಸಿರಲೇ ಇಲ್ಲ. ಶಾಲೆಗೆ ಹೋಗುವ ಮಕ್ಕಳ ಕಿವಿ ಬಲು ಚುರುಕಿರಬೇಕು ಎಂದುಕೊಂಡು ಅವಳು ಮತ್ತೆ ಬರೆಯಲು ಬಗ್ಗಿದಳು.

ಎರಡು ಸಾಲು ಬರೆದಿರಬೇಕು, ಮೇಲ್ದುಟಿ ಕಚಗುಳಿ ಇಟ್ಟ ಹಾಗಾಯಿತು. ಕೆರೆದುಕೊಳ್ಳಲು ಬೆರಳು ಇಟ್ಟಳು. ತುಟಿ ಸಣ್ಣಗೆ ನಡುಗುತ್ತಿತ್ತು.

ನೊಣ ಬೇರೆಲ್ಲೂ ಇರಲಿಲ್ಲ. ಅವಳ ಗಂಟಲಲ್ಲೇ ಇತ್ತು.

ಜೀರುಂಡೆ ಅನ್ನುವುದು ಅಪ್ಪ ಇಟ್ಟ ಅಡ್ಡಹೆಸರು. ಹಲ್ಲುಜ್ಜುವಾಗ, ಲೆಕ್ಕ ಮಾಡುವಾಗ, ಕೋಪ ಮಾಡಿಕೊಂಡು ಮೂಲೆಯಲ್ಲಿ ಕೂತಾಗ ಕೂಡ ಅವಳ ಗಂಟಲಲ್ಲಿ ಏನಾದರೊಂದು ರಾಗ ಓಡಾಡುತ್ತಲೇ ಇರುತ್ತಿತ್ತು. ಮನೆಯಲ್ಲಿ ಯಾರೂ ಅದನ್ನು ತಪ್ಪು ಅಂದಿರಲಿಲ್ಲ. ಅನ್ನುವುದಾದರೂ ಹೇಗೆ? ಕಲಿಸಿದವರೇ ಅವರು.

ಅವಳ ಶಾಲೆ ಅಂದರೆ ಅವಳ ಮನೆ. ಅಪ್ಪ ಹಳೇ ಪುಸ್ತಕಗಳಿಗೆ ಬೈಂಡ್ ಹಾಕುವವರು. ಹೊಲಿಗೆ ಬಿಚ್ಚಿದ, ರಟ್ಟು ಹರಿದ, ಇನ್ನೂರು ಮುನ್ನೂರು ವರ್ಷದ ಹಿಂದಿನ ಕತೆಗಳೆಲ್ಲ ಅವರ ಹತ್ತಿರ ರಿಪೇರಿಗೆ ಬರುತ್ತಿದ್ದವು. ಬೈಂಡಾಗಿ ವಾಪಸು ಹೋಗುವಷ್ಟರಲ್ಲಿ ಜೀರುಂಡೆ ಅವನ್ನು ಓದಿ ಮುಗಿಸಬೇಕು. ಅದೇ ಸಾಹಿತ್ಯದ ಕ್ಲಾಸು. ಎಷ್ಟೋ ಪುಸ್ತಕಗಳಲ್ಲಿ ಕೊನೆಯ ಪುಟಗಳನ್ನು ಇಲಿಯೋ ಗೆದ್ದಲೋ ಮೊದಲೇ ಓದಿ ಮುಗಿಸಿರುತ್ತಿದ್ದವು. ಹಾಗಾಗಿ ಜಗತ್ತಿನ ದೊಡ್ಡ ದೊಡ್ಡ ಕತೆಗಳ ನಡುಭಾಗ ಅವಳಿಗೆ ಬಾಯಿಪಾಠ, ಕೊನೆಗೇನಾಯಿತು ಎಂದು ಕೇಳಿದರೆ ಮಾತ್ರ ಪಿಳಿಪಿಳಿ ಕಣ್ಣು ಬಿಡುತ್ತಿದ್ದಳು.

ಅಮ್ಮ ಪಿಟೀಲು ಕಲಿಸುವವರು. ಅಜ್ಜ ನಲವತ್ತು ವರ್ಷ ಔಷಧಿ ಅಂಗಡಿಯಲ್ಲಿ ಪುಡಿ ಅರೆದವರು. ಸೀಸೆಗಳ ಮೇಲಿನ ಲ್ಯಾಟಿನ್ ಹೆಸರು ಓದುತ್ತ ಓದುತ್ತ ಆ ಭಾಷೆಯನ್ನೇ ಕಲಿತುಬಿಟ್ಟಿದ್ದರು. ಈಗ ಅದನ್ನು ಮೊಮ್ಮಗಳಿಗೆ ದಾಟಿಸುತ್ತಿದ್ದರು. ಒಮ್ಮೆ ಮನೆಗೆ ಬಂದಿದ್ದ ಅತ್ತೆ, ಈಗ ಯಾರೂ ಆಡದ ಭಾಷೆ ಕಲಿತು ಈ ಮಗು ಯಾರ ಹತ್ತಿರ ಮಾತಾಡಬೇಕು ಎಂದು ಕೇಳಿದ್ದರು.

"ಎದುರುತ್ತರ ಕೊಡದವರ ಹತ್ರ" ಎಂದಿದ್ದರು ಅಜ್ಜ, ತಮ್ಮ ಮಗಳಾದ ಆ ಅತ್ತೆಯ ಮುಖ ನೋಡುತ್ತ.

ಲ್ಯಾಟಿನ್‌ನಲ್ಲಿ ಒಂದೊಂದು ಪದಕ್ಕೆ ಆರಾರು ರೂಪ. ಮೇಜು, ಮೇಜನ್ನು, ಮೇಜಿನ, ಮೇಜಿಗೆ ಎಂದು ನಾವು ಬಾಲ ಅಂಟಿಸುವ ಹಾಗೆ. ಅಜ್ಜ ಎಷ್ಟು ಹೇಳಿಕೊಟ್ಟರೂ ಅದು ಜೀರುಂಡೆಯ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬೀಳುತ್ತಿತ್ತು. ಕೊನೆಗೆ ಅಮ್ಮ ಅದಕ್ಕೊಂದು ರಾಗ ಹಾಕಿದರು. ಊಟದ ಮೇಜಿನ ಸುತ್ತ ಆರು ಕುರ್ಚಿ. ಒಂದೊಂದು ಕುರ್ಚಿ ಮುಟ್ಟಿದಾಗ ಒಂದೊಂದು ರೂಪ ಹಾಡಬೇಕು. "ಮೆನ್ಸಾ, ಮೆನ್ಸಾ, ಮೆನ್ಸಾಮ್" ಎಂದು ಮೇಜಿನ ಲ್ಯಾಟಿನ್ ಹೆಸರು ಹಾಡುತ್ತ ಜೀರುಂಡೆ ಮುಂದೆ, ಅಂಟಿನ ಬ್ರಷ್ ಹಿಡಿದ ಅಪ್ಪ ಅವಳ ಹಿಂದೆ, ಕೋಲೂರಿಕೊಂಡು ಅಜ್ಜ ಎಲ್ಲರ ಹಿಂದೆ. ಪಿಟೀಲು ಕಲಿಯಲು ಬಂದ ಹೊಸ ಮಕ್ಕಳು ಈ ಮೆರವಣಿಗೆ ನೋಡಿ ಒಳಗೆ ಬರುವುದೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದರು.

ಹೀಗೆ ನಡೆಯುತ್ತಿದ್ದಾಗ ಶಿಕ್ಷಣ ಕಚೇರಿಯಿಂದ ಕಾಗದ ಬಂತು. ಹತ್ತು ವರ್ಷ ತುಂಬಿದ ಮಕ್ಕಳು ಮನೆಯಲ್ಲೇ ಓದುತ್ತಿದ್ದರೆ, ಹತ್ತಿರದ ಶಾಲೆಗೆ ಹೋಗಿ ಒಂದು ಪರೀಕ್ಷೆ ಬರೆಯಬೇಕು. ಪ್ರತಿಯೊಂದು ಭಾಗದಲ್ಲೂ ಅರ್ಧದಷ್ಟಾದರೂ ಸರಿ ಇರಬೇಕು. ಇಲ್ಲದಿದ್ದರೆ ಮುಂದಿನ ತಿಂಗಳಿಂದ ಮನೆಪಾಠ ಬಂದ್, ಶಾಲೆಗೆ ಸೇರಬೇಕು.

ಜೀರುಂಡೆಗೆ ಶಾಲೆ ಅಂದರೆ ಬಾಯಿ ಮುಚ್ಚಿಕೊಂಡು ಕಲಿಯುವ ಜಾಗ. ಹಾಗೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಶಾಲೆಯ ಮುಂದೆ ಹಾದುಹೋಗುವಾಗ ಗೋಡೆಯ ಮೇಲೆ 'ನಿಶ್ಶಬ್ದ' ಎಂದು ಬರೆದದ್ದನ್ನು ನೋಡಿದ್ದಳು, ಅಷ್ಟೇ.

ಹಾಲ್‌ನಲ್ಲಿ ಶಾಲೆಯ ಮಕ್ಕಳು ನಲವತ್ತು ಮಂದಿ. ಹೊರಗಿನಿಂದ ಬಂದವಳು ಇವಳೊಬ್ಬಳೇ. ಲೆಕ್ಕ ಮುಗಿದಿತ್ತು, ಪ್ರಬಂಧ ಮುಗಿದಿತ್ತು. ಉಳಿದದ್ದು ಕೊನೆಯ ಭಾಗ. ಅದರಲ್ಲಿ ಒಬ್ಬೊಬ್ಬರಿಗೂ ತಾವು ಕಲಿತ ಇನ್ನೊಂದು ಭಾಷೆಯ ಪರೀಕ್ಷೆ. ಅವಳ ಹಾಳೆಯಲ್ಲಿ ಆರು ಲ್ಯಾಟಿನ್ ಪದ, ಒಂದೊಂದರ ಕೆಳಗೂ ಅದರ ಆರು ರೂಪ ಬರೆಯಲು ಒಂದೊಂದು ಖಾಲಿ ಚೌಕ. ನೊಣದ ಗಲಾಟೆಯಲ್ಲೇ ಎರಡು ಚೌಕ ತುಂಬಿದ್ದವು.

ಈಗ ಅವಳು ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಮೂರನೆಯ ಪದ ನೋಡಿದಳು. ಏನೂ ನೆನಪಾಗಲಿಲ್ಲ. ಮತ್ತೆ ನೋಡಿದಳು. ತಲೆ ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿಯಾಗಿತ್ತು. ಒಂದೇ ಒಂದು ಸಲ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಎಂದುಕೊಂಡು ಹಲ್ಲು ಸಡಿಲಿಸಿದಳು.

ಮ್ಮ್‌ಮ್ಮ್.

ಮೇಷ್ಟರು ಗಕ್ಕನೆ ನಿಂತರು. ಅವರ ಕಿವಿ ಈ ಹೊತ್ತಿಗೆ ಪಳಗಿತ್ತು. ಇದು ನೊಣ ಅಲ್ಲ, ಇದೇ ಸಾಲಿನಲ್ಲಿ ಯಾರೋ ಆಟ ಆಡುತ್ತಿದ್ದಾರೆ ಎನ್ನುತ್ತ ನೇರ ಇತ್ತಲೇ ಬಂದರು. ಜೀರುಂಡೆಯ ಮುಂದಿನ ಬೆಂಚಿನಲ್ಲಿ ಎರಡು ಜಡೆಯ ಉದ್ದನೆಯ ಹುಡುಗಿಯೊಬ್ಬಳು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೂತಿದ್ದಳು. ಮೇಷ್ಟರು ಬಂದದ್ದು ನೋಡಿ ಗಾಬರಿಯಿಂದ ಮುಚ್ಚಳವನ್ನು ಬಾಯಿಂದ ಕಿತ್ತಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ನಾನಲ್ಲ ಸಾರ್ ಎಂದಳು ಅವಳು.

"ನೀನಲ್ಲದೆ ಇನ್ಯಾರು, ಬೆಂಚಾ?" ಎಂದರು ಮೇಷ್ಟರು. ಅವಳ ಹಾಳೆ ಕಿತ್ತುಕೊಂಡು ಮೇಜಿನ ಮೇಲಿಟ್ಟರು. ಅವಳನ್ನು ಕರಿಹಲಗೆಯ ಪಕ್ಕ ನಿಲ್ಲಿಸಿದರು. ಗಡಿಯಾರದಲ್ಲಿ ಇನ್ನು ಅರ್ಧ ಗಂಟೆ ಉಳಿದಿತ್ತು.

ಹೆದರಿಕೆಗೆ ಜೀರುಂಡೆಯ ಸದ್ದೇ ನಿಂತುಹೋಯಿತು. ಹಾಲ್ ಶಾಂತವಾಯಿತು. ಮೇಷ್ಟರು ಎಲ್ಲರ ಕಡೆ ನೋಡಿ, ಈಗ ಗೊತ್ತಾಯಿತಲ್ಲ ಅನ್ನುವ ಹಾಗೆ ತಲೆಯಾಡಿಸಿದರು. ಜೀರುಂಡೆ ಸುಮ್ಮನಿದ್ದಷ್ಟೂ ಆ ಹುಡುಗಿಯ ತಪ್ಪು ಗಟ್ಟಿಯಾಗುತ್ತಿತ್ತು.

ಎರಡು ಜಡೆಯವಳು ಅಳಲಿಲ್ಲ. ಸೀಲಿಂಗ್ ನೋಡುತ್ತ ನಿಂತಿದ್ದಳು. ಆದರೆ ಎರಡು ನಿಮಿಷಕ್ಕೊಮ್ಮೆ ಅವಳ ಕಣ್ಣು ಮೇಜಿನ ಮೇಲಿದ್ದ ತನ್ನ ಹಾಳೆಯ ಕಡೆ ಹೋಗಿ ಬರುತ್ತಿತ್ತು.

ಜೀರುಂಡೆ ಪೆನ್ನು ಹಿಡಿದು ಕೂತಳು. ಹೇಳಿದರೆ ಹಾಳೆ ಹೋಗುತ್ತದೆ. ಹಾಳೆ ಹೋದರೆ ಮನೆಪಾಠ ಹೋಗುತ್ತದೆ. ಅವಳು ಓದಿದ ಎಷ್ಟೋ ಕತೆಗಳಲ್ಲಿ ರಾಜಕುಮಾರರೂ ಹಡಗಿನವರೂ ಎದ್ದು ನಿಂತು, ತಪ್ಪು ನನ್ನದು ಎಂದು ಹೇಳುತ್ತಿದ್ದರು. ಹೇಳಿದ ಮೇಲೆ ಅವರಿಗೇನಾಯಿತು ಅನ್ನುವ ಪುಟಗಳೇ ಅಲ್ಲಿ ಇರುತ್ತಿರಲಿಲ್ಲ. ಇಲಿಗಳ ಮೇಲೆ ಅವಳಿಗೆ ಯಾವತ್ತೂ ಇಷ್ಟು ಸಿಟ್ಟು ಬಂದಿರಲಿಲ್ಲ.

ಎರಡು ಜಡೆಯವಳು ಮತ್ತೆ ಹಾಳೆಯ ಕಡೆ ನೋಡಿದಳು.

ಜೀರುಂಡೆ ಎದ್ದು ನಿಂತಳು. ಬೆಂಚು ಕಿರ್ರೆಂದಿತು, ನಲವತ್ತು ತಲೆ ಅವಳ ಕಡೆ ತಿರುಗಿದವು.

"ಸಾರ್" ಎಂದಳು, "ಜೇನುನೊಣ ನಾನು."

ಮೇಷ್ಟರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಏನು ಹಾಗಂದರೆ ಎಂದು ಕೇಳಿದರು. ಜೀರುಂಡೆ ಒಂದೇ ಉಸಿರಿನಲ್ಲಿ ಅಜ್ಜನ ಲ್ಯಾಟಿನ್, ಅಮ್ಮನ ರಾಗ, ಆರು ಕುರ್ಚಿ ಎಲ್ಲವನ್ನೂ ಒದರಿದಳು. ಬೇಕೆಂದು ಮಾಡಿದ್ದಲ್ಲ, ಬಾಯಿ ತಾನಾಗಿ ಹಾಡುತ್ತದೆ, ಆ ಅಕ್ಕನದೇನೂ ತಪ್ಪಿಲ್ಲ ಎಂದಳು.

"ಲ್ಯಾಟಿನ್ನಾ? ಅದನ್ನ ಯಾರಮ್ಮ ಹಾಡ್ತಾರೆ?"

"ನಮ್ಮನೇಲಿ ಎಲ್ರೂ ಹಾಡ್ತೀವಿ ಸಾರ್. ಅಪ್ಪಂಗೆ ಮಾತ್ರ ಶ್ರುತಿ ಸೇರಲ್ಲ."

ಹಾಲ್‌ಗೆ ಹಾಲೇ ನಕ್ಕಿತು. ಜವಾನ ಪೊರಕೆಯ ಹಿಂದೆ ಮುಖ ಮುಚ್ಚಿಕೊಂಡ. ಮೇಷ್ಟರು ನಗಲಿಲ್ಲ. ಎರಡು ಜಡೆಯವಳಿಗೆ ಹಾಳೆ ವಾಪಸು ಕೊಟ್ಟು, ಹತ್ತು ನಿಮಿಷ ಹೆಚ್ಚಿಗೆ ಬರೆಯಲು ಹೇಳಿದರು. ಜೀರುಂಡೆಯನ್ನು ಕರೆದು ತಮ್ಮ ಮೇಜಿನ ಪಕ್ಕದಲ್ಲೇ ಕೂರಿಸಿಕೊಂಡರು. ಇನ್ನೊಂದು ಸಲ ಆ ಸದ್ದು ಬಂದರೆ ಹಾಳೆ ನನ್ನ ಕೈಗೆ ಬರುತ್ತದೆ ಎಂದು ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದರಿಂದಲೇ ಅದು ನಿಜ ಎಂದು ಅವಳಿಗೆ ಗೊತ್ತಾಯಿತು.

ಅವಳು ಬಾಯಿಗೆ ಬೀಗ ಹಾಕಿ ಕೂತಳು. ಹಾಡುವಂತಿಲ್ಲ, ನೆನಪಾಗುವುದಿಲ್ಲ. ಮಾಡಲು ಬೇರೆ ಕೆಲಸವಿಲ್ಲದೆ ಕಿವಿಗೊಟ್ಟು ಕೂತಳು.

ಆಗ ಕೇಳಿಸಿತು. ಎಡಗಡೆ ಒಬ್ಬ ಉಸಿರು ಬಿಟ್ಟಾಗಲೆಲ್ಲ ಗಂಟಲೊಳಗೆ ಏನನ್ನೋ ಗುನುಗುತ್ತಿದ್ದ. ಅವನ ಹಿಂದಿನವಳು ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಲಟಕ್ ಅನ್ನಿಸಿ ಎಣಿಸುತ್ತಿದ್ದಳು. ಒಂದು ಪೆನ್ಸಿಲ್ ಎರಡು ಸಲ ಬೆಂಚಿಗೆ ತಾಗಿ, ಒಂದು ಸಲ ಬಿಟ್ಟು, ಮತ್ತೆ ಎರಡು ಸಲ ತಾಗುತ್ತಿತ್ತು. ಮೇಷ್ಟರ ಜೇಬಿನ ಬೀಗದ ಕೈ ಗೊಂಚಲು ಕೂಡ ಅವರ ಹೆಜ್ಜೆಗೆ ಸರಿಯಾಗಿ ಝಣ್, ಝಣ್ ಅನ್ನುತ್ತಿತ್ತು. ಇಷ್ಟೆಲ್ಲ ಇದ್ದೂ ಹಾಲ್ ನಿಶ್ಶಬ್ದವಾಗಿದೆ ಎಂದು ತಾನು ಹೇಗೆ ಅಂದುಕೊಂಡೆ?

ಹಾಗೆ ಕೇಳುತ್ತ ಕೂತಿದ್ದಾಗ, ಅಮ್ಮನ ಪಿಟೀಲಿನ ಮೊದಲ ಸ್ವರ ಬಂತು. ಗಂಟಲಲ್ಲಿ ಅಲ್ಲ. ಕಿವಿಯ ಹಿಂದೆ, ಇನ್ನೂ ಒಳಗೆ ಎಲ್ಲೋ. ಜೀರುಂಡೆ ಅಲುಗಾಡಲಿಲ್ಲ. ಅಲುಗಾಡಿದರೆ ಹಾರಿಹೋದೀತು ಎಂದು ಉಸಿರು ಹಿಡಿದಳು. ಒಂದು ಕುರ್ಚಿ ಬಂತು, ಹೋಯಿತು. ಎರಡನೆಯದು ಬಂತು. ಪೆನ್ನು ಓಡತೊಡಗಿತು.

ಮೂರನೆಯ ಚೌಕ ತುಂಬಿತು. ನಾಲ್ಕನೆಯದೂ ತುಂಬಿತು. ಐದಕ್ಕೆ ಕೈ ಹಾಕುವಷ್ಟರಲ್ಲಿ ಗಂಟೆ ಹೊಡೆಯಿತು.

ಆರರಲ್ಲಿ ನಾಲ್ಕು. ಅವಳು ಬೆರಳಲ್ಲಿ ಎರಡು ಸಲ ಎಣಿಸಿದಳು. ಅರ್ಧಕ್ಕಿಂತ ಒಂದು ಹೆಚ್ಚೇ ಇತ್ತು.

ಆದರೆ ಇನ್ನೊಂದು ಗಂಡಾಂತರ ಬಾಕಿ ಇತ್ತು. ಮೇಷ್ಟರು ಹಾಳೆಗಳನ್ನು ಕಟ್ಟಿಟ್ಟು, ಕಚೇರಿಗೆ ಕಳಿಸುವ ರಿಜಿಸ್ಟರ್ ತೆರೆದರು. 'ಪರೀಕ್ಷೆಯಲ್ಲಿ ನಡೆದ ಗದ್ದಲ' ಎಂಬ ಜಾಗದಲ್ಲಿ ಪೆನ್ನು ಊರಿ ಅವಳ ಕಡೆ ನೋಡಿದರು. ಆಮೇಲೆ ದುಂಡಗಿನ ಅಕ್ಷರದಲ್ಲಿ ಬರೆದರು. ಪಕ್ಕದಲ್ಲೇ ಕೂತಿದ್ದ ಜೀರುಂಡೆಗೆ ಅದು ಸ್ಪಷ್ಟವಾಗಿ ಕಾಣುತ್ತಿತ್ತು.

'ಜೇನುನೊಣ, ಒಂದು. ಕಿಟಕಿಯಿಂದ ಓಡಿಸಲಾಯಿತು.'

ಗೇಟಿನ ಹತ್ತಿರ ಅಪ್ಪ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಹಿಂದಿನ ಸೀಟಿನ ಅರ್ಧ ಜಾಗದಲ್ಲಿ ಯಾರದೋ ಹಳೇ ಪುಸ್ತಕಗಳ ಕಟ್ಟಿತ್ತು. ಜೀರುಂಡೆ ಅಲ್ಲಿಗೆ ಮುಟ್ಟುವ ಮೊದಲೇ ಎರಡು ಜಡೆಯವಳು ಅಡ್ಡ ಬಂದಳು.

"ನಿನ್ನಿಂದ ನಂಗೆ ಬೈಗುಳ ಬಿತ್ತು ಗೊತ್ತಾ?"

ಜೀರುಂಡೆ ಸಾರಿ ಅಕ್ಕ ಎಂದಳು. ತಲೆ ತಗ್ಗಿಸಿ ಇನ್ನೊಮ್ಮೆ ಸಾರಿ ಎಂದಳು.

"ಸಾರಿ ಇರ್ಲಿ. ನೀನು ಸೌಂಡ್ ಮಾಡ್ತೀಯ, ಅದೇ ನಿನ್ ಪ್ರಾಬ್ಲಂ" ಎಂದಳು ಅವಳು, ಡಾಕ್ಟರು ಕಾಯಿಲೆ ಹೇಳುವ ಹಾಗೆ. "ಇಲ್ಲಿ ನೋಡು, ನನ್ ಶೂ."

ಜೀರುಂಡೆ ನೋಡಿದಳು. ಧೂಳು ಹಿಡಿದ ಕಪ್ಪು ಶೂ ನೆಲದ ಮೇಲೆ ತಣ್ಣಗೆ ಕೂತಿತ್ತು. ತುಂಬ ಹೊತ್ತು ನೋಡಿದಳು.

"ಏನೂ ಕಾಣ್ತಿಲ್ವಲ್ಲ ಅಕ್ಕ."

"ಅದೇ ಮತ್ತೆ. ಈಗ ಹದಿನೇಳರ ಮಗ್ಗಿ ಮುಗೀತು."

ಕಾಲ್ಬೆರಳುಗಳು ಶೂ ಒಳಗೇ ಕುಣಿಯುತ್ತವಂತೆ. ಹತ್ತಕ್ಕೆ ಹತ್ತು ಬೆರಳು, ಮಗ್ಗಿಗೆ ಹೇಳಿ ಮಾಡಿಸಿದ ಹಾಗೆ. ಅವಳ ಗೆಳತಿಯೊಬ್ಬಳು ಪದ್ಯಗಳನ್ನು ನಾಲಿಗೆಯ ತುದಿಯಿಂದ ಹಲ್ಲಿನ ಮೇಲೆ ಬರೆದುಕೊಳ್ಳುತ್ತಾಳಂತೆ. ಇನ್ನೊಬ್ಬನಿಗೆ ಕಿವಿ ಅಲ್ಲಾಡಿಸಲು ಬರುತ್ತದೆ, ಅವನು ಇಸವಿಗಳಿಗೆಲ್ಲ ಅದನ್ನೇ ಬಳಸುತ್ತಾನಂತೆ. ಇಷ್ಟು ಹೇಳಿ, ಮೇಷ್ಟರಿಗೆ ಮಾತ್ರ ಹೇಳಬೇಡ ಎಂದು ಎಚ್ಚರಿಸಿ, ಎರಡು ಜಡೆಯವಳು ಗುಂಪಿನೊಳಗೆ ಓಡಿಹೋದಳು.

ಸ್ಕೂಟರ್ ಹತ್ತಿದ ಮಗಳನ್ನು ಅಪ್ಪ ಪರೀಕ್ಷೆಯ ಬಗ್ಗೆ ಕೇಳಿದರು. ನಾಲ್ಕು ಚೌಕ ಎಂದಳು. ಅಪ್ಪ ದೊಡ್ಡದಾಗಿ ಉಸಿರು ಬಿಟ್ಟರು.

"ಶಾಲೆ ಮಕ್ಕಳು ಹೇಗಿದ್ರು?"

ಜೀರುಂಡೆ ತಿರುಗಿ ಗೇಟಿನ ಕಡೆ ನೋಡಿದಳು.

"ನಮ್ ಥರಾನೇ ಇದಾರೆ ಅಪ್ಪ. ನಮಗಿಂತ ಸ್ವಲ್ಪ ಮೆಲ್ಲಗೆ, ಅಷ್ಟೇ."

ಗೇಟಿನಲ್ಲಿ ನಲವತ್ತು ಮಕ್ಕಳು ಕಿವಿ ತೂತಾಗುವ ಹಾಗೆ ಕಿರುಚುತ್ತಿದ್ದರು. ಅಪ್ಪ ಅವರನ್ನೊಮ್ಮೆ, ಮಗಳನ್ನೊಮ್ಮೆ ನೋಡಿದರು. ಅವಳು ಆ ಮಕ್ಕಳ ಕಾಲುಗಳನ್ನೇ ನೋಡುತ್ತ, ಪುಸ್ತಕದ ಕಟ್ಟನ್ನು ತಬ್ಬಿಕೊಂಡು, ಏನೂ ಹಾಡದೆ ಕೂತಿದ್ದಳು.